ಒಲೆ ಕೇಳಿದ ಅಕ್ಕನಿಗೆ ಹಿಟ್ಟಿನ ಮಿಲ್ಲು

ನಮ್ಮ ಕಡೆ ಹಿಟ್ಟು ಅಂದರೆ ಊಟ. ರಾಗಿ ಬೀಸಿದರೂ ಹಿಟ್ಟು, ಅದನ್ನು ಬೇಯಿಸಿ ಮುದ್ದೆ ಕಟ್ಟಿದರೂ ಹಿಟ್ಟು. ‘ಇಟ್ಟು ಉಂಡ್ಯಾ?’ ಎಂದು ಕೇಳಿದವರಿಗೆ ಯಾರೂ ಪುಡಿ ಮುಕ್ಕಿದೆ ಅಂತ ಉತ್ತರ ಕೊಡುವುದಿಲ್ಲ. ಯಾವಾಗ ಯಾವ ಹಿಟ್ಟು ಅನ್ನುವುದು ಮಾತು ಕಲಿಯುವ ಕೂಸಿಗೂ ಗೊತ್ತಾಗುತ್ತದೆ. ಗೊತ್ತಾಗದವರ ಕೈಗೆ ನಮ್ಮಕ್ಕನ ಮಾತು ಸಿಕ್ಕಿ ಏನಾಯಿತೆಂದು ನೆನೆದರೆ ನನಗೆ ಈಗಲೂ ಮೈ ಉರಿಯುತ್ತದೆ.

ಅಕ್ಕನನ್ನು ಕೊಟ್ಟದ್ದು ಅರಕಲಗೂಡು ತಾಲ್ಲೂಕಿನಲ್ಲಿ, ಮಲ್ಲಿಪಟ್ಟಣದಿಂದ ಸ್ವಲ್ಪ ಒಳಗಿರುವ ಒಂದು ಹಳ್ಳಿಗೆ. ತುಂಬಿದ ಮನೆ, ಅದರ ಮೇಲೆ ಆಳುಗಳು. ಎರಡು ಹೊತ್ತೂ ದೊಡ್ಡ ಪಾತ್ರೆಯಲ್ಲಿ ಹಿಟ್ಟಾಗಬೇಕು. ಅದನ್ನು ತಿರುವಿ ತೊಳಸುವುದು ಹಿರಿಸೊಸೆಯಾದ ಅಕ್ಕನ ಪಾಲಿನ ಕೆಲಸ. ಬೇರೆಯವರ ಕೈಯ ಹಿಟ್ಟು ಅವಳ ಅತ್ತೆಯ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಅಡುಗೆಮನೆಗೆ ಕಿಟಕಿ ಇರಲಿಲ್ಲ. ಹೊಗೆ ಹೆಂಚಿನ ಸಂದಿಯಲ್ಲಿ ದಾರಿ ಹುಡುಕಿಕೊಂಡು ಹೋಗಬೇಕು, ಹೋಗದೆ ಉಳಿದದ್ದು ಅಕ್ಕನ ಎದೆಗೆ. ತೊಂಬತ್ತರ ದಶಕ ಮುಗಿಯುವ ಹೊತ್ತಿಗೆ ಅವಳು ಒಂದು ಮಾತು ಪೂರ್ತಿ ಆಡುವುದರೊಳಗೆ ಕೆಮ್ಮು ಬರುತ್ತಿತ್ತು.

ನಾನು ಹೊಳೆನರಸೀಪುರದಲ್ಲಿ ಹೈಸ್ಕೂಲಿಗೆ ಇಂಗ್ಲಿಷ್ ಟೀಚರ್. ನನ್ನ ಬಾಡಿಗೆ ಮನೆಯಲ್ಲಿ ಗ್ಯಾಸ್ ಇತ್ತು. ಭಾವನಿಗೆ ಹೇಳಿದರೆ, ‘ಸಿಲಿಂಡ್ರು ಈ ಊರಿಗೆ ಯಾರ್ ತಂದ್ಕೊಡ್ತಾರಮ್ಮ? ತಂದ್ರೂ ಅದ್ರ ಮೇಲೆ ಇಟ್ಟು ತೊಳ್ಸೋಕಾಯ್ತದಾ?’ ಅನ್ನುತ್ತಿದ್ದರು. ಎರಡೂ ನಿಜವೇ. ಅಕ್ಕ ಕೆಮ್ಮುತ್ತಿದ್ದಳು, ನಾನು ಭಾನುವಾರ ಬಂದು ನೋಡಿ, ಬೈದು, ಸೋಮವಾರ ಬೆಳಗ್ಗೆ ಬಸ್ ಹತ್ತುತ್ತಿದ್ದೆ.

ಇಂಥ ಹೊತ್ತಿನಲ್ಲಿ ಹಾಸನದ ಒಂದು ಸಂಸ್ಥೆಗೂ ಯುರೋಪಿನ ಒಂದು ಸಣ್ಣ ಪಟ್ಟಣಕ್ಕೂ ಸ್ನೇಹ ಕುದುರಿತು. ಅವರು ನಮ್ಮ ಹಾಡು, ಕುಣಿತ, ರಂಗೋಲಿ ನೋಡುವುದು. ಅವರ ನೆರವಿನ ಹೊಸ ಒಲೆಗಳಿಂದ ನಮ್ಮ ಹಳ್ಳಿಗಳಲ್ಲಿ ಸೌದೆ ಉಳಿಯುವುದು, ಹೊಗೆ ಕಡಿಮೆಯಾಗುವುದು. ಇದಕ್ಕೆ ‘ಸಾಂಸ್ಕೃತಿಕ ಸ್ನೇಹದಿಂದ ಸುಸ್ಥಿರ ಅಭಿವೃದ್ಧಿ’ ಅಂತ ಹೆಸರು. ಉದ್ಘಾಟನಾ ಸಭೆಯ ಬ್ಯಾನರ್ ಬರೆದವನು ‘ಸುಸ್ತಿರ’ ಅಂತ ಬರೆದಿದ್ದ. ತೋರಿಸಿದರೆ ಸಂಸ್ಥೆಯ ಕಾರ್ಯದರ್ಶಿ, ‘ಅವರಿಗೆ ಕನ್ನಡ ಎಲ್ಲಿ ಬರುತ್ತೆ, ಬಿಡಿ ಮೇಡಂ’ ಅಂದರು. ಕನ್ನಡ ಬರುವವರು ಸಭೆ ತುಂಬಾ ಕೂತಿದ್ದೇವೆ ಅನ್ನುವುದು ಅವರಿಗೆ ಹೊಳೆಯಲೇ ಇಲ್ಲ. ಕೋಲಾಟಕ್ಕೆ ನಮ್ಮ ಶಾಲೆಯ ಹುಡುಗಿಯರನ್ನು ಕರೆದುಕೊಂಡು ಹೋಗಿದ್ದೆ. ಬೆಳಗ್ಗೆಯಿಂದ ಮಧ್ಯಾಹ್ನದವರೆಗೆ ಹಾರ, ಪೇಟ, ಭಾಷಣ. ಒಲೆಯ ಪ್ರಸ್ತಾಪ ಬಂದದ್ದು ವಂದನಾರ್ಪಣೆಯಲ್ಲಿ. ಆದರೂ ಹಲ್ಲು ಕಚ್ಚಿಕೊಂಡು ಕೂತಿದ್ದೆ, ಯಾಕೆಂದರೆ ಒಲೆ ಬರುವ ಹಳ್ಳಿಗಳಲ್ಲಿ ಅಕ್ಕನ ಹಳ್ಳಿಯೂ ಇತ್ತು.

ಒಲೆ ಬಂತು. ಕಬ್ಬಿಣದ್ದು, ಸೊಂಟದೆತ್ತರ, ನಿಂತು ಅಡುಗೆ ಮಾಡುವವರ ಅಳತೆಗೆ ಮಾಡಿದ್ದು. ಸೂರಿನಾಚೆಗೆ ಹೊಗೆಕೊಳವೆ. ಅನ್ನ, ಸಾರು, ಹಾಲು ಎಲ್ಲ ಅದರ ಮೇಲೆ ಚೆನ್ನಾಗಿ ಆಯಿತು. ‘ಕಣ್ಣು ತಣ್ಣಗೈತೆ ಕಣೆ’ ಅಂತ ಅಕ್ಕ ಹೇಳಿದಾಗ ನನಗೆ ಆ ಕೋಲಾಟ, ಆ ಪೇಟ ಎಲ್ಲವನ್ನೂ ಕ್ಷಮಿಸಿಬಿಡಬೇಕು ಅನ್ನಿಸಿತ್ತು.

ಆಮೇಲೆ ಹಿಟ್ಟಿಗೆ ಎಸರಿಟ್ಟಳು. ಹಿಟ್ಟು ತೊಳಸುವುದೆಂದರೆ ಸೌಟಾಡಿಸಿದ ಹಾಗಲ್ಲ. ನೆಲದ ಒಲೆಯ ಮುಂದೆ ಕೂತು, ಪಾತ್ರೆ ಅಲುಗಾಡದಂತೆ ಕವಲುಕೋಲು ಕೊಟ್ಟು, ಆ ಕೋಲನ್ನು ಕಾಲಲ್ಲಿ ಒತ್ತಿ ಹಿಡಿದು, ಎರಡು ಕೈಯಲ್ಲೂ ದೊಣ್ಣೆ ಹಿಡಿದು ಗಂಟಿಲ್ಲದಂತೆ ತಿರುವಬೇಕು. ಬೆಂಕಿಯ ಮೇಲಿದ್ದಾಗಲೇ ತಿರುವಬೇಕು, ಇಳಿಸಿಕೊಂಡರೆ ಹಸಿ ವಾಸನೆ ಹೋಗುವುದಿಲ್ಲ ಅನ್ನುವುದು ಆ ಮನೆಯ ಪದ್ಧತಿ. ಸೊಂಟದೆತ್ತರದ ಒಲೆಗೆ ಕಾಲು ಕೊಡುವುದು ಹೇಗೆ? ಅಕ್ಕ ನಿಂತುಕೊಂಡೇ ತಿರುವಿದಳು. ಒಲೆಯೇ ಓಲಾಡಿತು, ಕೊಳವೆ ಕಳಚಿಕೊಂಡಿತು, ಕುದಿಯುವ ಹಿಟ್ಟು ಪಾದದ ಮೇಲೆ ಬಿತ್ತು. ಮಾರನೆಯ ದಿನ ಅವಳು ಸುಟ್ಟ ಪಾದಕ್ಕೆ ಬಟ್ಟೆ ಸುತ್ತಿಕೊಂಡು ಮತ್ತೆ ಹಳೇ ಒಲೆಯ ಮುಂದೆ ಕೂತಳು. ಹಿಟ್ಟಿಗೆ ಮಾತ್ರ ಈ ಒಲೆ ಅಂದಳು. ಹಿಟ್ಟೇ ಊಟವಾದ ಮನೆಯಲ್ಲಿ ಹಿಟ್ಟಿಗೆ ಮಾತ್ರ.

‘ಅವರು ಕೇಳೋಕೆ ಬಂದಾಗ ಹೇಳೇ, ಗಿಡ್ಡ ಮಾಡಿಕೊಡ್ತಾರೆ’ ಅಂತ ನಾನು ಹೇಳಿ ಹೇಳಿ ಸಾಕಾದೆ. ಹೇಳ್ತೀನಿ ಅಂದಳು. ಮುಂದಿನ ವರ್ಷ ಯುರೋಪಿನವರು ಬಂದ ದಿನ ನಾನು ಚನ್ನರಾಯಪಟ್ಟಣದಲ್ಲಿ ಪರೀಕ್ಷೆ ಡ್ಯೂಟಿಯಲ್ಲಿದ್ದೆ. ಅಕ್ಕ ಹೇಳಿದಳಂತೆ, ಅವರು ತಲೆಯಾಡಿಸಿ ಬರೆದುಕೊಂಡರಂತೆ. ಇನ್ನೇನು ಗಿಡ್ಡ ಒಲೆ ಬಂದೇ ಬಿಟ್ಟಿತು ಅಂತ ನಾನು ವರ್ಷವಿಡೀ ನಂಬಿಕೊಂಡಿದ್ದೆ.

ಬಂದದ್ದು ಹಿಟ್ಟಿನ ಮಿಲ್ಲು.

ಉದ್ಘಾಟನೆಗೆ ನಾನು ರಜೆ ಹಾಕಿ ಹೋಗಿದ್ದೆ. ಸಮುದಾಯ ಭವನದ ಒಂದು ಕೋಣೆಯಲ್ಲಿ ಹಸಿರು ಬಣ್ಣದ ಯಂತ್ರ, ಅದರ ಕೊರಳಿಗೆ ಚೆಂಡುಹೂವಿನ ಹಾರ. ಆ ಊರಿನವರು ಮಲ್ಲಿಪಟ್ಟಣಕ್ಕೆ ಸೈಕಲ್ ಮೇಲೆ ರಾಗಿ ಒಯ್ದು ಬೀಸಿಸಿಕೊಂಡು ಬರುತ್ತಿದ್ದರು, ಅದನ್ನು ಕಷ್ಟ ಅಂದವರನ್ನು ನಾನು ಕಂಡಿಲ್ಲ. ಕಾರ್ಯದರ್ಶಿಗಳು ಮೈಕಿನಲ್ಲಿ, ‘ಇದು ಇಲ್ಲಿನ ತಾಯಂದಿರ ಬಹುದಿನದ ಬೇಡಿಕೆ’ ಅಂದರು. ಅವರು ಕೆಳಗಿಳಿಯುವುದನ್ನೇ ಕಾದು, ಯಾವ ತಾಯಿ ಕೇಳಿದ್ದು ಅಂದೆ.

‘ನಿಮ್ಮಕ್ಕನವರೇ ಹೋದ ವರ್ಷ ಹೇಳಿದ್ರಲ್ಲ ಮೇಡಂ.’

ನಾನು ಅಕ್ಕನ ಕಡೆ ತಿರುಗಿದೆ. ‘ಏನೇ ಹೇಳಿದ್ದೆ ನೀನು?’

‘ಒಲೆ ಎಂಗೈತೆ ಅಂತ ಕೇಳುದ್ರು. ಎಲ್ಲಾ ಚೆನ್ನಾಗೈತೆ, ಇಟ್ಟೊಂದು ಆಗಕಿಲ್ಲ ಅಂದೆ. ಅಷ್ಟೇ ಕಣೆ.’

ಆಗ ತಿಳಿಯಿತು. ಅವತ್ತು ಭಾಷಾಂತರಕ್ಕೆ ಬೆಂಗಳೂರಿನಿಂದ ಬಂದಿದ್ದ ಹುಡುಗಿಗೆ ಹಿಟ್ಟು ಅಂದರೆ ಡಬ್ಬಿಯಲ್ಲಿರುವ ಪುಡಿ. ಎಲ್ಲ ಚೆನ್ನಾಗಿದೆ, ಹಿಟ್ಟಿಗೊಂದೇ ತೊಂದರೆ ಅಂತ ಅವಳು ಇಂಗ್ಲಿಷಿನಲ್ಲಿ ಹೇಳಿದಳು. ಅವರು ಅಯ್ಯೋ ಪಾಪ ಅಂದುಕೊಂಡು, ತಮ್ಮೂರಿನಲ್ಲಿ ಸಂತರ್ಪಣೆಯೋ ಸಂಗೀತವೋ ಏನೋ ನಡೆಸಿ, ವಂತಿಗೆ ಎತ್ತಿ, ಮಿಲ್ಲು ತಂದಿದ್ದಾರೆ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅಂತಾರಲ್ಲ, ಇಲ್ಲಿ ಎರಡೂ ಒಂದೇ ನೊಗದಲ್ಲಿ ಸ್ನೇಹದಿಂದ ನಿಂತಿದ್ದವು. ನನಗೆ ಯಾರ ಮೇಲೆ ಕೂಗಾಡಬೇಕು ಅನ್ನುವುದೇ ತಿಳಿಯಲಿಲ್ಲ.

ಯುರೋಪಿನವರ ತಂಡದಲ್ಲಿ ನಡುವಯಸ್ಸಿನ ಒಬ್ಬ ಹೆಂಗಸಿದ್ದರು, ಮೂರು ವರ್ಷವೂ ಬಂದವರು. ನಮಸ್ಕಾರ ಅನ್ನುವುದನ್ನು ಅಚ್ಚುಕಟ್ಟಾಗಿ ಕಲಿತಿದ್ದರು. ಅಕ್ಕನ ಜಗಲಿಯ ಮೇಲೆ ಕೂತು, ಮಿಲ್ಲಿನಿಂದ ಸಂತೋಷವಾಯಿತೇ ಅಂತ ಅವಳನ್ನು ಕೇಳಿದರು. ಆ ದಿನ ಭಾಷಾಂತರದ ಹುಡುಗಿ ಬಂದಿರಲಿಲ್ಲ, ನಾನೇ ಆ ಕೆಲಸಕ್ಕೆ ನಿಂತಿದ್ದೆ.

ಅಕ್ಕ ನನ್ನ ಸೆರಗು ಜಗ್ಗಿದಳು. ‘ಬೋ ಚೆನ್ನಾಗೈತೆ ಅನ್ನು. ಅಷ್ಟು ದೂರದಿಂದ ಒತ್ಕೊಂಡು ಬಂದವ್ರೆ, ಬೇಜಾರ್ ಮಾಡ್ಬ್ಯಾಡ.’

ನಾನು ಅವಳ ಮಾತು ಬಿಟ್ಟು ನನ್ನ ಮಾತು ಹೇಳಿದೆ. ಒಲೆ ಎತ್ತರವಾಯಿತು, ಪಾದ ಸುಟ್ಟಿತು, ಅವಳು ಕೇಳಿದ್ದು ಮಿಲ್ಲಲ್ಲ, ಅವಳ ಎದೆ ಹಾಳಾಗುತ್ತಿದೆ ಅಂತ ಎಲ್ಲವನ್ನೂ ಹೇಳಿದೆ. ಕಾರ್ಯದರ್ಶಿಗಳು ಕೆಮ್ಮಿ ಕೆಮ್ಮಿ ಸನ್ನೆ ಮಾಡುತ್ತಿದ್ದರು. ಆ ಹೆಂಗಸಿನ ಮುಖ ಕೆಂಪಾಯಿತು. ಹೋದ ವರ್ಷವೇ ಇಷ್ಟು ಬಿಡಿಸಿ ಯಾಕೆ ಹೇಳಲಿಲ್ಲ, ಎಲ್ಲ ಚೆನ್ನಾಗಿದೆ ಅಂದದ್ದು ಯಾಕೆ ಅಂತ ಕೇಳಿದರು. ಅದನ್ನು ಅಕ್ಕನಿಗೆ ಹೇಳಿದೆ.

‘ಅವ್ರ ಮುಂದೆ ಇರೋ ಕಾಪಿ ಲೋಟ ನೋಡೆ’ ಅಂದಳು ಅಕ್ಕ. ‘ಸಕ್ರೆ ಜಾಸ್ತಿಯಾಗಿ ಕುಡಿಯಕ್ಕಾಯ್ತಿಲ್ಲ. ಆದ್ರೂ ಚೆನ್ನಾಗೈತೆ ಅಂದ್ರಲ್ಲ. ಅವ್ರು ನನ್ ಮನ್ಸು ನೋಯಿಸ್ನಿಲ್ಲ, ನಾನು ಅವ್ರ ಮನ್ಸು ನೋಯಿಸ್ನಿಲ್ಲ.’

ಇದನ್ನು ಹೇಳಿದಾಗ ಅವರು ಲೋಟ ನೋಡಿದರು, ನಕ್ಕರು, ಆಮೇಲೆ ಅಡುಗೆಮನೆ ನೋಡಬಹುದೇ ಅಂದರು. ಮೂರು ವರ್ಷದಲ್ಲಿ ಅವರು ಜಗಲಿ ದಾಟಿರಲಿಲ್ಲ. ಅಡುಗೆಮನೆಯಲ್ಲೇ ದೇವರ ಗೂಡು, ಹೊರಗಿನವರನ್ನು ಒಳಗೆ ಬಿಡುವ ವಾಡಿಕೆ ಆ ಮನೆಯಲ್ಲಿಲ್ಲ. ಅವರೂ ನಮ್ಮ ಸಂಸ್ಕೃತಿಯನ್ನು ಗೌರವಿಸಿ ಕೇಳಿರಲಿಲ್ಲ. ಎಲ್ಲರೂ ಎಲ್ಲರನ್ನೂ ಗೌರವಿಸಿದ್ದರು. ಕೆಟ್ಟದ್ದು ಅಕ್ಕನ ಎದೆ. ಅವಳು ಅತ್ತೆಯ ಮುಖ ನೋಡದೆ, ‘ಬರ್ಲಿ ಬುಡು’ ಅಂದು ಒಳಗೆ ಕರೆದುಕೊಂಡು ಹೋದಳು. ಹಳೇ ಒಲೆಯ ಮೇಲೆ ರಾತ್ರಿಯ ಊಟಕ್ಕೆ ಎಸರು ಕಾಯುತ್ತಿತ್ತು. ಆ ಹೆಂಗಸು ಸ್ವಲ್ಪ ಹೊತ್ತು ನಿಂತು, ಕಣ್ಣು ಮೂಗು ಮುಚ್ಚಿಕೊಂಡು ಹೊರಗೆ ಓಡಿ ಬಂದರು.

ಅಂಗಳದಲ್ಲಿ ನೀರು ಕುಡಿದು ಸುಧಾರಿಸಿಕೊಂಡ ಮೇಲೆ ನನ್ನ ಕೈ ಹಿಡಿದುಕೊಂಡು ಹೇಳಿದರು: ಕಾರ್ಯಕ್ರಮ ಈ ವರ್ಷಕ್ಕೆ ಮುಗಿಯಿತು, ಅವರ ಊರಿನವರು ಇನ್ನು ಬೇರೆ ದೇಶದ ಕಡೆ ಹೋಗುತ್ತಾರೆ, ಇಲ್ಲಿನದೆಲ್ಲ ಯಶಸ್ವಿಯಾಯಿತೆಂದು ವರದಿ ಆಗಲೇ ಅಚ್ಚಾಗಿದೆ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಅವರ ಕಣ್ಣಲ್ಲಿ ನೀರಿತ್ತು. ಹೊಗೆಯದೋ ದುಃಖದ್ದೋ, ಎರಡರಿಂದಲೂ ನನಗೇನೂ ಆಗಬೇಕಾಗಿರಲಿಲ್ಲ. ನನಗೆ ಬೇಕಾಗಿದ್ದದ್ದು ಗಿಡ್ಡ ಒಲೆ. ಅಕ್ಕ ಅವರಿಗೆ ಅರಿಶಿನ ಕುಂಕುಮ ಕೊಟ್ಟು, ತೆಂಗಿನಕಾಯಿ ಮಡಿಲಿಗೆ ಹಾಕಿದಳು. ವ್ಯಾನು ಹೋದ ಮೇಲೆ ಕಾರ್ಯದರ್ಶಿಗಳು, ‘ಅತಿಥಿಗಳ ಮುಂದೆ ನೀವು ಹಾಗೆ ಹೇಳಬಾರದಾಗಿತ್ತು ಮೇಡಂ’ ಅಂದರು. ನಾನು ಉತ್ತರ ಕೊಟ್ಟೆ, ಅದನ್ನು ಇಲ್ಲಿ ಬರೆಯುವ ಹಾಗಿಲ್ಲ.

ಮಿಲ್ಲಿಗೆ ಬೇಕಾದಷ್ಟು ಕರೆಂಟ್ ಆ ಊರಿಗೆ ಬರುತ್ತಿರಲಿಲ್ಲ. ಸ್ವಲ್ಪ ದಿನ ತಿರುಗಿ ನಿಂತಿತು. ಗಿಡ್ಡ ಒಲೆ ಮಾಡಿಸಲು ನಾನು ಹೊಳೆನರಸೀಪುರದ ಗಾರೆಯವರನ್ನು ಹಿಡಿದೆ, ಕರೆದುಕೊಂಡೂ ಹೋದೆ. ಅವರು ಕಟ್ಟಿದ ಕೊಳವೆಯಲ್ಲಿ ಹೊಗೆ ಮೇಲಕ್ಕೆ ಹೋಗುವ ಬದಲು ಒಳಕ್ಕೇ ಬಂತು. ಭಾವ, ‘ಇರೋದ್ನೂ ಕೆಡಿಸ್ಬ್ಯಾಡಮ್ಮ’ ಅಂದು ಒಡೆಸಿದರು.

ಮುಂದಿನ ಚಳಿಗಾಲ ಅಕ್ಕನಿಗೆ ಮಲಗಿದರೆ ಉಸಿರು ಸಿಕ್ಕುತ್ತಿರಲಿಲ್ಲ. ಹಾಸನಕ್ಕೆ ಕರೆದುಕೊಂಡು ಹೋದೆ. ವೈದ್ಯರು ಎಕ್ಸ್‌ರೇ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿ, ‘ಇವರು ಬೀಡಿ ಸೇದ್ತಾರಾ?’ ಅಂತ ನನ್ನನ್ನು ಕೇಳಿದರು. ಅಕ್ಕನಿಗೆ ನಗು ಬಂತು, ನಗುವಿನ ಹಿಂದೆಯೇ ಕೆಮ್ಮು.

‘ಬೀಡಿ ಎಲ್ ಬಂತು ಸಾ. ಒಲೆ ಊದಿದ್ದೇ ಆಯ್ತು.’

ಶ್ವಾಸಕೋಶ ಮೊದಲಿನಂತಾಗುವುದಿಲ್ಲ, ಇನ್ನು ಮೇಲೆ ಒಲೆಯ ಮುಂದೆ ಕೂರಲೇಬಾರದು ಅಂತ ವೈದ್ಯರು ಖಂಡಿತವಾಗಿ ಹೇಳಿದರು. ಅಕ್ಕ ವಿಧೇಯಳಾಗಿ ತಲೆಯಾಡಿಸಿದಳು. ಔಷಧಿ ತೆಗೆದುಕೊಂಡು ಹೊರಗೆ ಬಂದು, ನಾನು ಆಟೋ ಹುಡುಕುತ್ತಿದ್ದಾಗ ಅವಳು ಬೇಲಿಗೆ ಒರಗಿ ಉಸಿರು ಕೂಡಿಸಿಕೊಳ್ಳುತ್ತಾ ನನ್ನನ್ನು ಕರೆದಳು.

‘ಬೇಗ ನಡಿಯೇ. ಅರಕಲಗೂಡು ಬಸ್ಸು ತಪ್ಪೋದ್ರೆ ಸಂಜೀಕೆ ಎಸರಿಡೋರು ಯಾರವ್ರೆ?’