ಭಾವ ಪಾಸ್ ಮಾಡಿದ ಕಾಗದ

ಮೊಬೈಲಿನಲ್ಲಿ ಬಂದ ಪತ್ರದ ಫೋಟೋವನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡುವ ಮನುಷ್ಯ ಈ ಲೋಕದಲ್ಲಿ ಒಬ್ಬರೇ ಇರಬೇಕು, ನನ್ನ ಅಕ್ಕನ ಗಂಡ. ಭದ್ರಾವತಿಯ ಕಾಗದ ಕಾರ್ಖಾನೆಯಲ್ಲಿ ಅವರ ಕೆಲಸವೇ ಅದಾಗಿತ್ತು. ಹಾಳೆಯನ್ನು ಬೆಳಕಿಗೆ ಹಿಡಿಯಬೇಕು, ಅಂಚು ಸವರಬೇಕು, ಪಾಸ್ ಅಥವಾ ರಿಜೆಕ್ಟ್ ಅನ್ನಬೇಕು. ಕಾರ್ಖಾನೆ ನಿಂತು ವರ್ಷಗಳೇ ಆದರೂ ಕೈಯ ಚಾಳಿ ಹೋಗಿಲ್ಲ. ಕಾಗದನಗರದ ಕ್ವಾರ್ಟರ್ಸ್‌ನಲ್ಲಿ ಉಳಿದಿರುವವರು ಇವತ್ತಿಗೂ ಯಾವ ನೋಟಿಸ್ ಬಂದರೂ ಮೊದಲು ತೋರಿಸುವುದು ನಮ್ಮ ಭಾವನಿಗೇ.

ಚುನಾವಣೆಗೆ ಎರಡು ದಿನ ಇರುವಾಗ ನಮ್ಮ ಗೋಪಾಳ ಬಡಾವಣೆಯ ವಾಕಿಂಗ್ ಗ್ರೂಪಿಗೆ ಅಂಥದ್ದೊಂದು ಫೋಟೋ ಬಂತು. ಇಂಥವರು ಗೆದ್ದರೆ ಕಾರ್ಖಾನೆ ಮತ್ತೆ ಶುರು, ಹಳೆಯ ಕೆಲಸಗಾರರ ಮಕ್ಕಳಿಗೆ ಕೆಲಸ ಖಾತ್ರಿ ಎಂದು ಮೇಲಿನ ನಾಲ್ಕು ಸಾಲಿನಲ್ಲಿತ್ತು. ಮುಂದಕ್ಕೆ ಓದದೆ ಭಾವನಿಗೆ ಕಳಿಸಿಬಿಟ್ಟೆ. ನಿಜವೋ ಸುಳ್ಳೋ ಅವರು ಹೇಳಲಿ ಎಂಬ ಕುತೂಹಲ ನನಗೆ. ಆದರೆ ಹಾಗೆಂದು ಒಂದು ಸಾಲು ಬರೆಯಲೂ ಸೋಮಾರಿತನ.

ಭಾವ ಕ್ವಾರ್ಟರ್ಸ್‌ನವರ ಗ್ರೂಪಿಗೆ ಹಾಕಿದ್ದ ಅದೇ ಫೋಟೋ ಸಂಜೆಗೆ ಸುತ್ತಿ ಬಳಸಿ ನನ್ನ ಮೊಬೈಲಿಗೇ ವಾಪಸ್ ಬಂತು, ಕೆಳಗೆ ಭಾವನ ಮಾತು: "ನೋಡಿದ್ದೇನೆ. ಸರಿ ಇದೆ." ಭಾವನೇ ಹೇಳಿದ ಮೇಲೆ ಇನ್ನೇನು ಎಂದು ನಾನೂ ನಂಬಿದೆ.

ಮತದಾನದ ಮರುದಿನ, ಕಾರ್ಖಾನೆ ಯಾವಾಗ ತೆರೆಯುತ್ತದೋ ನೋಡೋಣ ಎಂದು ಆ ಪತ್ರವನ್ನು ಮೊದಲ ಬಾರಿಗೆ ಕೊನೆಯವರೆಗೆ ಓದಿದೆ. ಕೆಳಗೆ ಸಹಿ ಮಾಡಿದ್ದ ಕಾರ್ಖಾನೆಯ ಅಧಿಕಾರಿ ತೀರಿಕೊಂಡು ನಾಲ್ಕು ವರ್ಷವಾಗಿತ್ತು. ಅವರ ವೈಕುಂಠ ಸಮಾರಾಧನೆಯಲ್ಲಿ ಭಾವ ಹೋಳಿಗೆ ಉಂಡು ಬಂದಿದ್ದರು. ಇಷ್ಟು ಗೊತ್ತಿದ್ದ ಮನುಷ್ಯ ಇದನ್ನು ಹೇಗೆ ಪಾಸ್ ಮಾಡಿದರು? ತಡೆಯಲಾರದೆ ಬಸ್ಸು ಹತ್ತಿ ಕಾಗದನಗರಕ್ಕೆ ಹೋಗಿ ಕೇಳಿಯೇಬಿಟ್ಟೆ.

"ವಾಟರ್‌ಮಾರ್ಕ್ ನೋಡು ಮಾರಾಯ್ತಿ," ಎಂದರು ಭಾವ. "ಫೋಟೋದಲ್ಲೂ ಕಾಣ್ತಿದೆ. ನಮ್ಮ ಕಾರ್ಖಾನೆದೇ ಹಾಳೆ. ಅಂಗಡೀಲಿ ಸಿಗೋದಲ್ಲ ಅದು."

ಹಾಳೆ ನಿಜವಾಗಿಯೂ ಅವರದೇ. ಆದರೆ ಕಾರ್ಖಾನೆ ನಿಂತಾಗ ಮಿಕ್ಕ ಹಾಳೆ ಕ್ವಾರ್ಟರ್ಸ್‌ನ ಎಷ್ಟೋ ಮನೆಗಳ ಅಟ್ಟದಲ್ಲಿದೆ, ಅಕ್ಕ ದಿನಸಿ ಚೀಟಿ ಬರೆಯುವುದೂ ಅದರಲ್ಲೇ.

"ಸಹಿ ಯಾರದ್ದು ಅಂತ ನೋಡ್ಲಿಲ್ವಾ ಭಾವ?"

ಕನ್ನಡಕ ಹಾಕಿಕೊಂಡು ಓದಿದರು. ಮುಖ ಸಣ್ಣದಾಯಿತು. "ನೀನು ಕಳಿಸಿದ್ದಲ್ವಾ? ಬರೆದಿರೋದನ್ನ ನೀನು ಓದಿರ್ತೀಯ ಅಂದ್ಕೊಂಡೆ. ನಾನು ಕಾಗದ ಮಾತ್ರ ನೋಡ್ದೆ."

ಗ್ರೂಪಿನಲ್ಲಿ ತಪ್ಪಾಯಿತೆಂದು ಹಾಕಿ ಎಂದೆ. ಅವರು ಕೇಳಲಿಲ್ಲ. "ನನ್ನ ಮಾತು ನಂಬಿದವರಿಗೆ ಮುಖ ಕೊಟ್ಟೇ ಹೇಳ್ಬೇಕು," ಎನ್ನುತ್ತಾ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಹೊರಟರು. ನಾನು ಹಿಂದೆ ಹೋದೆ.

ಮೊದಲ ಎರಡು ಮನೆಯವರು ನಕ್ಕು ಸುಮ್ಮನಾದರು. ಮೂರನೆಯ ಮನೆಯ ಹೆಂಗಸು ನಗಲಿಲ್ಲ. "ಮಗನಿಗೆ ಕೆಲಸ ಸಿಗುತ್ತೆ ಅಂತ ಓಟು ಹಾಕಿದ್ದು ಸಾರ್. ನೀವು ಸರಿ ಇದೆ ಅಂದ್ರಲ್ಲ."

"ನೋಡಿದ್ದು ನಾನೇ ಅಮ್ಮ. ತಪ್ಪು ನಂದೇ," ಎಂದರು ಭಾವ. ನನ್ನ ಹೆಸರು ಎತ್ತಲಿಲ್ಲ. ನಾನೂ ಬಾಯಿ ಬಿಡಲಿಲ್ಲ, ಆ ನಾಚಿಕೆ ಇನ್ನೂ ಇದೆ.

ಆಕೆ ನನ್ನ ಕಡೆ ತಿರುಗಿದರು. "ನೀವು ಇವರ ನಾದಿನಿ ಅಲ್ವಾ? ಓದಿದೋರ ಥರ ಕಾಣ್ತೀರ. ಇನ್ಮೇಲೆ ಇಂಥದ್ದು ಬಂದ್ರೆ ನೀವಾದ್ರೂ ಒಂಚೂರು ಓದಿ ಹೇಳಿ ಇವರಿಗೆ."

ನಾಲ್ಕನೆಯ ಮನೆಯ ಬಾಗಿಲನ್ನು ಭಾವನಿಗಿಂತ ಮುಂಚೆ ನಾನೇ ತಟ್ಟಿದೆ.