ಎರಡನೆಯ ಏಟು

ಆಸ್ಪತ್ರೆಯ ಲಾಂಡ್ರಿಯಲ್ಲಿ ಹಾಸುಬಟ್ಟೆ ಮಡಿಸುವುದು ಇಬ್ಬರ ಕೆಲಸ. ಒಬ್ಬರು ಆ ತುದಿ, ಒಬ್ಬರು ಈ ತುದಿ. ಜಗ್ಗಿ, ಕೊಡವಿ, ಹತ್ತಿರ ಬಂದು ಅಂಚಿಗೆ ಅಂಚು ಕೂಡಿಸಿ, ಮತ್ತೆ ದೂರ ಸರಿಯಬೇಕು. ಅವಳು ಮಾತ್ರ ಅದನ್ನು ಒಬ್ಬಳೇ ಮಾಡುತ್ತಿದ್ದಳು. ಕಿಟಕಿಯ ಸರಳಿಗೆ ಎರಡು ಕ್ಲಿಪ್ಪು ಹಾಕಿ ಬಟ್ಟೆಯ ಒಂದು ತುದಿಯನ್ನು ಸಿಕ್ಕಿಸಿ, ಇನ್ನೊಂದನ್ನು ಹಿಡಿದು ಎದುರು ನಿಲ್ಲುತ್ತಿದ್ದಳು. ಮೇಲ್ವಿಚಾರಕರು ಅಂಗಿಯಂತೆ ಮಾತನ್ನೂ ಗಂಜಿ ಹಾಕಿ ಇಸ್ತ್ರಿ ಮಾಡಿಕೊಂಡೇ ಬರುವವರು. ಬೆನ್ನ ಹಿಂದೆ ಎಲ್ಲರಿಗೂ ಅವರು ಗಂಜಿ ಮೇಷ್ಟ್ರು. ಜೊತೆಗೆ ಒಬ್ಬರನ್ನು ಕೊಡುತ್ತೇನೆಂದು ಅವರು ಹೇಳಿದ್ದರು, ಕೊಟ್ಟೂ ಇದ್ದರು. ಮಾತಿಗೇ ಸಿಗದವಳ ಎದುರು ಯಾರು ತಾನೇ ಎಷ್ಟು ದಿನ ನಿಂತಾರು? ಬಂದವರು ಏನಾದರೊಂದು ನೆಪ ಹೇಳಿ ಬೇರೆ ಮೇಜಿಗೆ ಹೋಗುತ್ತಿದ್ದರು.

"ಆ ಕಿಟಕಿಗೇ ಸಂಬಳ ಕೊಟ್ಬಿಡಿ ಮೇಷ್ಟ್ರೇ" ಎಂದು ಇಸ್ತ್ರಿಯ ಹೆಂಗಸರು ನಗುತ್ತಿದ್ದರು.

ಕಿಟಕಿಯ ಜಾಗದಲ್ಲಿ ಮೊದಲು ನಿಲ್ಲುತ್ತಿದ್ದವಳು ಅವಳ ಅತ್ತೆ. ತಾಯಿಯಿಲ್ಲದೆ ಚಿಕ್ಕಪ್ಪನ ಮನೆಯ ಮೂಲೆಯಲ್ಲಿ ಬೆಳೆದು ಮದುವೆಯಾಗಿ ಬಂದ ಸೊಸೆಯನ್ನು ಕೈಹಿಡಿದು ಲಾಂಡ್ರಿಗೆ ಕರೆತಂದವಳು, ಮಡಿಸುವುದು ಕಲಿಸಿದವಳು ಅವಳೇ. ಸೊಸೆಯ ಗಂಡ ಅದೇ ಲಾಂಡ್ರಿಯ ಬಾಯ್ಲರ್ ನೋಡಿಕೊಳ್ಳುತ್ತಿದ್ದ. ನಾಲ್ಕು ಜನರ ನಡುವೆ ತಣ್ಣಗೆ, ಮನೆಯೊಳಗೆ ಕಾಲಿಟ್ಟರೆ ಕೆಂಡ. ಒಂದು ಸಂಜೆ ಅವನು ಅವಳ ಕುತ್ತಿಗೆಯನ್ನು ಹಿಸುಕಿ ಹಿಡಿದಾಗ ಅವಳ ಕಣ್ಣು ಕತ್ತಲೆಗಟ್ಟಿತು. ಎಚ್ಚರವಾದಾಗ ಗಂಡ ನೆಲದ ಮೇಲೆ ಬಿದ್ದಿದ್ದ. ಅತ್ತೆ ಇಸ್ತ್ರಿ ಪೆಟ್ಟಿಗೆಯನ್ನು ಮಡಿಲಲ್ಲಿಟ್ಟುಕೊಂಡು ಗೋಡೆಗೊರಗಿ ಕೂತಿದ್ದಳು.

ಎರಡು ಏಟು ಹೊಡೆದೆ ಎಂದು ಅತ್ತೆ ತಾನಾಗಿಯೇ ಪೊಲೀಸರಿಗೆ ಹೇಳಿದಳು. ಮೊದಲನೆಯದಕ್ಕೇ ಬಿದ್ದನಲ್ಲ, ಮತ್ತೆ ಯಾಕೆ ಹೊಡೆದೆ ಎಂದು ಕೇಳಿದರೆ ಮಾತ್ರ ತುಟಿ ಬಿಚ್ಚಲಿಲ್ಲ. ಕೋರ್ಟಿನಲ್ಲೂ ಇಲ್ಲ. ಮೊದಲ ಏಟಿಗೆ ಕಾನೂನಿನಲ್ಲಿ ಜಾಗವಿತ್ತು, ಎರಡನೆಯದಕ್ಕೆ ಇರಲಿಲ್ಲ. ಜೀವಾವಧಿ ಶಿಕ್ಷೆಯಾಯಿತು.

ಅಂದಿನಿಂದ ಸೊಸೆಯ ಬದುಕು ಲಾಂಡ್ರಿ, ಮೂರನೆಯ ಮಹಡಿಯ ಕೋಣೆ, ಜೈಲಿನ ಭೇಟಿ ಇಷ್ಟರಲ್ಲೇ ಸುತ್ತಿತು. ಇನ್ನೊಂದು ಮದುವೆಗೆ ಚಿಕ್ಕಪ್ಪ ಒಮ್ಮೆ ಮಾತೆತ್ತಿ, ಅವಳ ಮುಖ ನೋಡಿ ಅಲ್ಲಿಗೇ ಬಿಟ್ಟರು. ಭೇಟಿಯ ದಿನ ಎರಡು ಸಾಲು ಜಾಲರಿಯ ನಡುವೆ ಮಾರುದ್ದ ಖಾಲಿ ಜಾಗ. ಆಚೆ ಹತ್ತು ಜನ, ಈಚೆ ಇಪ್ಪತ್ತು ಜನ ಒಟ್ಟಿಗೆ ಕೂಗುತ್ತಿದ್ದರು. ಅಲ್ಲಿ ಕೂಗಿ ಕೂಗಿ ದನಿ ಬತ್ತಿಸಿಕೊಂಡು ಬಂದರೆ, ಮುಂದಿನ ಭೇಟಿಯವರೆಗೆ ಅವಳಿಗೆ ದನಿಯ ಅಗತ್ಯವೇ ಬೀಳುತ್ತಿರಲಿಲ್ಲ.

ಅತ್ತೆಗೆ ಎಪ್ಪತ್ತು ದಾಟಿ ಮಂಡಿ ಹಿಡಿದುಕೊಂಡ ವರ್ಷ, ಫೀಸಿಲ್ಲದೆ ಕೇಸು ನಡೆಸುವ ವಕೀಲೆಯೊಬ್ಬಳು ಸಿಕ್ಕಳು. ಚುರುಕು ಹುಡುಗಿ. ವಯಸ್ಸಾದವರಿಗೆ ಕ್ಷಮಾದಾನ ಕೇಳಬಹುದು ಎಂದಳು. ಅರ್ಜಿ ಕೊಡಲು ಸೊಸೆಯನ್ನು ಕರೆದುಕೊಂಡು ಕಚೇರಿಗೆ ಹೋದಳು. ಅಲ್ಲಿನ ಗುಮಾಸ್ತ ತಲೆಯೆತ್ತದೆ, ಸತ್ತವನ ಕಡೆಯವರ ಆಕ್ಷೇಪಣೆ ಇದೆಯೇ ಕೇಳಬೇಕು, ಯಾರಿದ್ದಾರೆ ಎಂದ.

"ನಾನೇ" ಎಂದಳು ಸೊಸೆ.

"ಸರಿ. ಕೈದಿಯನ್ನ ಬಿಟ್ಟರೆ ಕರ್ಕೊಂಡು ಹೋಗೋರು?"

"ನಾನೇ."

ಆಗ ಅವನು ತಲೆಯೆತ್ತಿದ. ಕನ್ನಡಕ ತೆಗೆದು ಒರೆಸಿಕೊಂಡು, ಕೂತ್ಕೊಳ್ಳಿ ತಾಯಿ ಎಂದ.

ಎಲ್ಲವೂ ಎರಡನೆಯ ಏಟಿನ ಮೇಲೆ ನಿಂತಿದೆ ಎಂದು ವಕೀಲೆ ಬಿಡಿಸಿ ಹೇಳಿದಳು. ಕ್ಷಮಾದಾನದ ಸಮಿತಿ ಅದನ್ನು ಕೇಳಿಯೇ ಕೇಳುತ್ತದೆ. ಎದ್ದು ಬರುತ್ತಾನೆಂದು ಭಯವಾಯಿತು, ಅದಕ್ಕೇ ಹೊಡೆದೆ, ಈಗ ಪಶ್ಚಾತ್ತಾಪ ಪಡುತ್ತಿದ್ದೇನೆ ಎನ್ನಬೇಕು. ಇಷ್ಟು ಹೇಳಿದರೆ ಸಾಕು, ಮನೆಗೆ ಬಂದ ಹಾಗೇ. ಸೊಸೆ ಭೇಟಿಗೆ ಹೋದಾಗಲೆಲ್ಲ ಜಾಲರಿಗೆ ಬಾಯಿಟ್ಟು ಈ ಮಾತನ್ನು ಕಲಿಸಿದಳು. ಅತ್ತೆ ಕಿವಿಗೆ ಕೈ ಹಚ್ಚಿ ಕೇಳಿಸಿಕೊಂಡು, ಅರ್ಧಕ್ಕೇ ನಕ್ಕುಬಿಡುತ್ತಿದ್ದಳು.

"ಈ ವಯಸ್ಸಲ್ಲಿ ಪಾಠ ಒಪ್ಪಿಸೋಕೆ ನಿಲ್ಲಿಸ್ತೀಯಲ್ಲೇ ನನ್ನನ್ನ. ನಿಂಗೆ ಬಟ್ಟೆ ಮಡಿಸೋದು ಕಲಿಸಿದ್ದಕ್ಕೆ ಸೇಡೇನೇ?"

ಸಮಿತಿ ಜೈಲಿನ ಕಚೇರಿಯಲ್ಲೇ ಸೇರಿತು. ಉದ್ದ ಮೇಜಿನ ಹಿಂದೆ ನಿವೃತ್ತ ನ್ಯಾಯಾಧೀಶರು, ಒಬ್ಬ ಡಾಕ್ಟರಮ್ಮ, ಇನ್ನಿಬ್ಬರು. ಕರೆದುಕೊಂಡು ಹೋಗುವವರೂ ಇರಬೇಕೆಂದು ಸೊಸೆಯನ್ನು ಹಿಂದಿನ ಬೆಂಚಿನಲ್ಲಿ ಕೂರಿಸಿದ್ದರು. ಅಷ್ಟು ವರ್ಷಗಳ ಮೇಲೆ ಅತ್ತೆಯನ್ನು ಜಾಲರಿಯಿಲ್ಲದೆ ನೋಡಿದ್ದು ಅದೇ ಮೊದಲು. ಬೆನ್ನು ಇಷ್ಟು ಬಾಗಿದೆಯೆಂದು ಅವಳಿಗೆ ಗೊತ್ತೇ ಇರಲಿಲ್ಲ.

ನ್ಯಾಯಾಧೀಶರು ಒರಟಾಗಿ ಕೇಳಲಿಲ್ಲ. ಎರಡನೆಯ ಸಲ ಯಾಕೆ ಹೊಡೆದಿರಿ ಎಂದರು.

"ಎದ್ದು ಬರ್ತಾನೆ ಅಂತ ಭಯ ಆಯ್ತು ಅನ್ನು ಅಂತ ಇವರು ಹೇಳ್ಕೊಟ್ಟಿದಾರೆ ಸ್ವಾಮಿ" ಎಂದಳು ಅತ್ತೆ. ವಕೀಲೆ ಕಣ್ಣು ಮುಚ್ಚಿಕೊಂಡಳು. ಮೇಜಿನ ತುದಿಯಲ್ಲಿದ್ದವರೊಬ್ಬರು ನಗು ತಡೆಯಲು ಕೆಮ್ಮಿದರು.

"ಭಯ ಅಲ್ಲ ಅದು" ಎಂದು ಅತ್ತೆ ಮುಂದುವರಿಸಿದಳು. "ಮೊದಲನೇ ಏಟಿಗೆ ಬಿದ್ದವನು ಅಮ್ಮಾ ಅಂದ. ಚಿಕ್ಕೋನಿದ್ದಾಗ ಬಿದ್ದು ಮಂಡಿ ತರಚಿಕೊಂಡ್ರೆ ಹೇಗೆ ಕರೀತಿದ್ನೋ, ಹಾಗೇ. ಇನ್ನೊಂದು ಸಲ ಕರೆದಿದ್ರೆ ನಾನು ಎತ್ತಿ ಕೂರಿಸಿ ನೀರು ಕುಡಿಸ್ತಿದ್ದೆ. ನನ್ನನ್ನ ನಾನು ಬಲ್ಲೆ. ಅವನು ಎದ್ದು ಕೂತಿದ್ರೆ ಇವಳು ಉಳೀತಿರಲಿಲ್ಲ. ಅದಕ್ಕೇ, ಇನ್ನೊಂದು ಸಲ ಕರೆಯೋಕೆ ಮುಂಚೆ ಹೊಡೆದೆ."

ಯಾರೂ ಕೆಮ್ಮಲಿಲ್ಲ. ಪಶ್ಚಾತ್ತಾಪ ಇದೆಯೇ ಎಂದು ಡಾಕ್ಟರಮ್ಮ ಮೆಲ್ಲಗೆ ಕೇಳಿದರು.

"ನನ್ನ ಕಿವಿ ಇನ್ನೂ ಚೆನ್ನಾಗಿ ಕೇಳುತ್ತೆ ತಾಯಿ" ಎಂದಷ್ಟೇ ಹೇಳಿದಳು ಅತ್ತೆ.

ಹಿಂದಿನ ಬೆಂಚಿನಲ್ಲಿ ಸೊಸೆ ಸೆರಗಿನ ಅಂಚನ್ನು ಮಡಿಸುತ್ತ, ಬಿಚ್ಚುತ್ತ, ಮತ್ತೆ ಮಡಿಸುತ್ತ ಕೂತಿದ್ದಳು. ಮದುವೆಯಾದ ಹೊಸತರಲ್ಲೇ ಅವಳು ಅತ್ತೆಯನ್ನು ಅಮ್ಮಾ ಎಂದು ಕರೆಯತೊಡಗಿದ್ದಳು. ಆ ಪದವನ್ನು ಬಳಸಲು ಅವಳಿಗೆ ಬೇರೆ ಯಾರೂ ಇರಲಿಲ್ಲ. ಇಷ್ಟು ವರ್ಷವೂ ಆ ಜಾಲರಿಯ ಗದ್ದಲದಲ್ಲಿ, ಎಲ್ಲರ ದನಿಗಿಂತ ಮೇಲೆ ಕೇಳಲಿ ಎಂದು ಗಂಟಲು ಹರಿಯುವಂತೆ ಕೂಗಿದ್ದು ಅದನ್ನೇ. ಒಂದೊಂದು ಭೇಟಿಗೆ ಎಷ್ಟೆಷ್ಟು ಸಲ.

ಮುಂದಿನ ಭೇಟಿಗೆ ಅವಳು ಹೋಗಲಿಲ್ಲ. ಅದರ ಮುಂದಿನದಕ್ಕೂ ಇಲ್ಲ. ಏನೆಂದು ಕರೆಯುವುದು? ಅತ್ತೇ ಎಂದು ಒಬ್ಬಳೇ ಕೋಣೆಯಲ್ಲಿ ಕರೆದು ನೋಡಿದಳು. ಯಾರದೋ ಮನೆಯ ಬಾಗಿಲು ತಟ್ಟಿದಂತಾಯಿತು. ಇಷ್ಟು ದಿನ ಒಂಟಿಯಾಗಿದ್ದರೂ ಕರೆಯಲು ಒಂದು ಪದವಾದರೂ ಇತ್ತು.

ಕಲಿಸಿದ್ದು ನೀರಿನಲ್ಲಿ ಹೋಮವಾಯಿತೆಂದು ಸಿಟ್ಟಾಗಿದ್ದ ವಕೀಲೆಯೇ ಒಂದು ಬೆಳಿಗ್ಗೆ ಲಾಂಡ್ರಿಗೆ ಓಡಿ ಬಂದಳು. ಬಿಡುಗಡೆಯ ಆದೇಶವಾಗಿತ್ತು. ಗಂಜಿ ಮೇಷ್ಟ್ರು ಅವತ್ತಿನ ರಜೆ ಬರೆದುಕೊಂಡು, ಮರುದಿನದ್ದನ್ನೂ ಕೇಳದೆಯೇ ಬರೆದುಕೊಂಡರು.

ಅತ್ತೆ ಮನೆಗೆ ಬಂದಳು. ಬಂದವಳು ಕೋಣೆಯ ನಟ್ಟನಡುವೆ ನಿಂತಳು. ಕೂತ್ಕೋ ಎಂದರೆ ಕೂತಳು, ಮಲಗು ಎಂದರೆ ಮಲಗಿದಳು. ಮುಚ್ಚಿದ ಬಾಗಿಲ ಮುಂದೆ, ಯಾರಾದರೂ ತೆರೆಯಲಿ ಎಂದು ಕಾಯುತ್ತ ನಿಲ್ಲುತ್ತಿದ್ದಳು. ಸೊಸೆ, ನೀರು ಇಲ್ಲಿದೆ, ಊಟ ಆಗಿದೆ ಎಂದು ಪಾತ್ರೆಗಳಿಗೆ ಹೇಳಿದಂತೆ ಹೇಳುತ್ತಿದ್ದಳು. ಕರೆಯುವ ಪದವಿಲ್ಲದೆ ಮಾತು ಎಲ್ಲಿಂದ ಶುರು ಮಾಡುವುದೆಂದು ತಿಳಿಯುತ್ತಿರಲಿಲ್ಲ. ಇಬ್ಬರಾದ ಮೇಲೆ ಕೋಣೆ ಮೊದಲಿಗಿಂತ ನಿಶ್ಶಬ್ದವಾಯಿತು.

ರಜೆ ಮುಗಿದು ಕೆಲಸಕ್ಕೆ ಹೊರಟ ಬೆಳಿಗ್ಗೆ ಅತ್ತೆಯೇ ಕೇಳಿದಳು. "ನನ್ನನ್ನ ಕರೆಯೋದೇ ಬಿಟ್ಟೆಯಲ್ಲೇ."

ಸೊಸೆ ಚಪ್ಪಲಿ ಹುಡುಕುವವಳಂತೆ ಬಗ್ಗಿದಳು. "ಆ ಪದ ನಿನ್ನ ಕಿವಿಗೆ ಮತ್ತೆ ಬೀಳದಿರಲಿ ಅಂತ" ಎಂದು ನೆಲ ನೋಡುತ್ತಲೇ ಹೇಳಿದಳು.

"ಅಯ್ಯೋ ಹುಚ್ಚಿ" ಎಂದಳು ಅತ್ತೆ. "ನೀನು ಕರೀತಿದ್ದಾಗ ನಿನ್ನ ದನಿ ಅವನ ಕೂಗಿನ ಮೇಲೆ ಬೀಳ್ತಿತ್ತು. ಈಗ ನಂಗೆ ಅವನೊಬ್ಬನೇ ಕೇಳಿಸ್ತಾನೆ."

ಸೊಸೆ ಚಪ್ಪಲಿ ಮೆಟ್ಟಿದಳು. ಬಾಗಿಲೆಳೆದುಕೊಂಡು ಮೆಟ್ಟಿಲಿಳಿದಳು. ಬೀದಿಗೆ ಬಂದು, ತಿರುವಿನವರೆಗೆ ಹೋಗಿ ನಿಂತಳು. ಹಾಲಿನವನ ಸೈಕಲ್ಲು ಗಂಟೆ ಬಾರಿಸಿ ಪಕ್ಕಕ್ಕೆ ಸರಿಯಿತು. ಅವಳು ಹಿಂದಿರುಗಿ ಬಂದು ಮನೆಯ ಕೆಳಗೆ ನಿಂತು, ಕತ್ತೆತ್ತಿ, ಜೈಲಿನಲ್ಲಿ ಕೂಗುತ್ತಿದ್ದಷ್ಟೇ ಗಟ್ಟಿಯಾಗಿ ಕೂಗಿದಳು.

"ಅಮ್ಮಾ!"

ಬೀದಿಯ ಎರಡೂ ಬದಿಯ ಕಿಟಕಿಗಳಲ್ಲಿ ನಾಲ್ಕೈದು ತಾಯಂದಿರು ಇಣುಕಿದರು. ತನ್ನ ಮಗುವಲ್ಲವೆಂದು ಒಬ್ಬಳು ಒಳಗೆ ಹೋದಳು. ಮೂರನೆಯ ಮಹಡಿಯ ಕಿಟಕಿ ಮುಚ್ಚಿಯೇ ಇತ್ತು. ಅದರ ಹಿಂದೆ ಅತ್ತೆ ಬಂದು ನಿಂತಿರಬಹುದು, ಚಿಲಕಕ್ಕೆ ಕೈ ಹಾಕಬಹುದೋ ಬಾರದೋ ಎಂದು ತಿಳಿಯದೆ.

ಸೊಸೆ ಕಾದಳು. ಆಮೇಲೆ ಇನ್ನೊಂದು ಸಲ ಕರೆದಳು.