ದೊಡ್ಡ ಡ್ರಮ್ಮಿನ ಎಡಗಡೆಯ ತೊಗಲು

ಮನುಷ್ಯನಿಗೆ ಶಿಸ್ತು ಬರುವುದು ಕಿವಿಯ ದಾರಿಯಿಂದ. ದಂಡಿನಲ್ಲಾಗಲಿ, ಭಜನೆಯ ದಿಂಡಿಯಲ್ಲಾಗಲಿ, ಮದುವೆಯ ದಿಬ್ಬಣದಲ್ಲಾಗಲಿ, ಜನ ಎಲ್ಲೆಲ್ಲಿ ಒಟ್ಟಾಗಿ ಹೆಜ್ಜೆ ಹಾಕಿದ್ದಾರೋ ಅಲ್ಲೆಲ್ಲ ಬಿಗಿದ ತೊಗಲೊಂದು ಮುಂದೆ ನಿಂತು ಅವರನ್ನು ನಡೆಸಿದೆ. ನಮ್ಮ ಶಾಲೆಯ ತೊಗಲನ್ನು ಇಲಿ ತಿಂದಿತ್ತು.

ಶಾಲೆ ಎಂದರೆ ಸಂಶಿಯ ಹತ್ತಿರದ ಒಂದು ಹಳ್ಳಿಯ ಪ್ರೌಢಶಾಲೆ. ನಾನು ಅಲ್ಲಿ ಸಮಾಜ ವಿಜ್ಞಾನದ ಮಾಸ್ತರ. ಬ್ಯಾಂಡಿಗೂ ನನಗೂ ಇದ್ದ ಸಂಬಂಧ ಒಂದು ಕೀಲಿಯದು. ಭೂಪಟಗಳು ಇದ್ದ ಕೋಣೆಯಲ್ಲೇ ಡ್ರಮ್ಮುಗಳೂ ಇದ್ದವು. ಭೂಪಟಗಳು ನನ್ನವು, ಆದ್ದರಿಂದ ಕೀಲಿ ನನ್ನದು, ಆದ್ದರಿಂದ ಡ್ರಮ್ಮಿಗೆ ಏನೇ ಆದರೂ ಉತ್ತರ ಕೊಡಬೇಕಾದವನು ನಾನು. ಇದಕ್ಕಿಂತ ಗಟ್ಟಿಯಾದ ತರ್ಕ ಸರ್ಕಾರಿ ಶಾಲೆಗಳಲ್ಲಿ ಸಿಗುವುದಿಲ್ಲ. ಗೋಡೆಯ ಆಚೆ ಬಿಸಿಯೂಟದ ಅಕ್ಕಿ ಚೀಲಗಳಿದ್ದವು ಎಂಬುದನ್ನು ಯಾರೂ ಗಣನೆಗೆ ತೆಗೆದುಕೊಂಡಿರಲಿಲ್ಲ. ಇಲಿಗಳು ತೆಗೆದುಕೊಂಡಿದ್ದವು.

ಬ್ಯಾಂಡು ನಿಜವಾಗಿ ನಮ್ಮ ದೈಹಿಕ ಶಿಕ್ಷಣದ ಟೀಚರದು. ದೇವಿಕೊಪ್ಪದ ಕಡೆಯ ಹೆಣ್ಣುಮಗಳು, ಕೊರಳಲ್ಲಿ ಸದಾ ಸೀಟಿ, ಮಾತಿನಲ್ಲಿ ಸದಾ ಒಂದು ಕುಟುಕು. ಬ್ಯಾಂಡಿನಲ್ಲಿ ಇದ್ದವರೆಲ್ಲ ಹುಡುಗಿಯರೇ. ಪ್ರತಿ ಜನವರಿ ಇಪ್ಪತ್ತಾರಕ್ಕೆ ಕುಂದಗೋಳದ ಮೈದಾನದಲ್ಲಿ ತಾಲೂಕಿನ ಶಾಲೆಗಳ ಪಥಸಂಚಲನ ನಡೆಯುತ್ತದೆ. ನಮ್ಮ ಹುಡುಗಿಯರಿಗೆ ಅದರಲ್ಲಿ ಒಂದು ಶಾಶ್ವತ ಸ್ಥಾನವಿತ್ತು: ಕೊನೆಯದು. ಅವರ ಹಿಂದೆ ಬರುತ್ತಿದ್ದದ್ದು ಕುಡಿಯುವ ನೀರಿನ ಟ್ಯಾಂಕರ್ ಎಳೆಯುವ ಟ್ರ್ಯಾಕ್ಟರ್ ಮಾತ್ರ.

ಆ ವರ್ಷ ಸಂಚಲನದ ಉಸ್ತುವಾರಿಗೆ ನಿವೃತ್ತ ಸುಬೇದಾರರೊಬ್ಬರು ಬಂದಿದ್ದರು. ತಾಲೀಮಿನ ದಿನ ಯಾರ ಬ್ಯಾಂಡು ಚೊಲೋ ಬಾರಿಸುತ್ತದೋ ಆ ಶಾಲೆ ಮೊದಲು ನಡೆಯುತ್ತದೆ ಎಂದು ಅವರು ಸಾರಿದ್ದರು. ಟೀಚರ್ ಆ ಸುದ್ದಿಯನ್ನು ಸ್ಟಾಫ್ ರೂಮಿಗೆ ತಂದಾಗ ಅವರ ಮುಖ ನೋಡಬೇಕಿತ್ತು.

"ಈ ಸಲ ಮುಂದ ನಡಿಯೂಣ್ರಿ ಸರ. ನೀರಿನ ಗಾಡಿ ಮುಂದ ನಡದು ನಡದು ನಮ್ಮ ಹುಡುಗ್ಯಾರಿಗೆ ಟ್ಯಾಂಕರ್ ಪಾರ್ಟಿ ಅಂತ ಹೆಸರ ಬಿದ್ದೈತಿ. ಬಸ್ಸಿನ್ಯಾಗ ಬ್ಯಾರೆ ಸಾಲಿ ಹುಡುಗರು 'ನೀರ ಬಂತು, ಕೊಡ ತರ್ರಿ' ಅಂತ ಒದರತಾವು."

ದಸರೆಯ ರಜೆ ಮುಗಿದು ನಾನು ಕೋಣೆಯ ಬಾಗಿಲು ತೆರೆದಾಗ ದೊಡ್ಡ ಡ್ರಮ್ಮಿನ ಎಡಗಡೆಯ ತೊಗಲಿನಲ್ಲಿ ತೂತು ಬಿದ್ದಿತ್ತು. ಸುಮಾರಾಗಿ ಶ್ರೀಲಂಕಾದ ಆಕಾರ. ಬಲಗಡೆಯದು ಹಳೆಯದಾದರೂ ಇಡಿಯಾಗಿತ್ತು. ಸಣ್ಣ ಡ್ರಮ್ಮುಗಳ ತಂಟೆಗೆ ಇಲಿ ಹೋಗಿರಲಿಲ್ಲ. ಅವಕ್ಕೆ ಮೊದಲೇ ಪ್ಲಾಸ್ಟಿಕ್ಕಿನ ಹಾಳೆ ಇತ್ತು.

ಇಲಿ ಇಷ್ಟು ವರ್ಷ ಬಿಟ್ಟು ಈಗೇಕೆ ತಿಂದಿತು ಎಂಬುದು ನನ್ನನ್ನು ಕಾಡಿತು. ಭೂತಗನ್ನಡಿ ತಂದು ಪರೀಕ್ಷಿಸಿದೆ. ಕಾರಣ ಖಂಡೆ ಪೂಜೆ. ನಮ್ಮ ಕಡೆ ನವಮಿಯ ದಿನ ಕೆಲಸಕ್ಕೆ ಬರುವ ಪ್ರತಿಯೊಂದು ವಸ್ತುವೂ ಆಯುಧ. ನಮ್ಮ ಹೆಡ್‌ಮಾಸ್ತರರು ನಿಷ್ಠೆಯ ಶಿವಭಕ್ತರು. ರಜೆಯಲ್ಲೂ ಕಚೇರಿಯ ಇನ್ನೊಂದು ಕೀಲಿ ಹಿಡಿದು ಶಾಲೆಗೆ ಬಂದು ಗಂಟೆ, ನೀರಿನ ಮೋಟಾರು, ಕಂಪ್ಯೂಟರು, ಗುಂಡು ಎಸೆತದ ಗುಂಡು, ಎಲ್ಲಕ್ಕೂ ಪೂಜೆ ಮಾಡಿದ್ದರು. ಡ್ರಮ್ಮಿಗೆ ಹೆಚ್ಚಿನ ಭಾಗ್ಯ ಸಿಕ್ಕಿತು, ಏಕೆಂದರೆ ಅಷ್ಟು ವಿಶಾಲವಾದ ಹಣೆ ಶಾಲೆಯಲ್ಲಿ ಬೇರೆ ಯಾರಿಗೂ ಇರಲಿಲ್ಲ. ಮಲಗಿಸಿ, ನೀರಲ್ಲಿ ಕಲಸಿದ ವಿಭೂತಿಯ ಮೂರು ಪಟ್ಟೆ ಎಳೆದು, ಅದರ ಬಾಯಿಯ ಸುತ್ತಿನ ಬಳೆಯ ಮೇಲೇ ತೆಂಗಿನಕಾಯಿ ಒಡೆದು, ಬೆಲ್ಲದ ನೈವೇದ್ಯ ಇಟ್ಟು, ಬಾಗಿಲು ಹಾಕಿಸಿ ಊರಿಗೆ ಹೋಗಿದ್ದರು. ಕಾಯಿಯ ನೀರು ಕುಡಿದು, ಬೆಲ್ಲ ಮೆತ್ತಿಕೊಂಡು ಮೆತ್ತಗಾದ ಆಡಿನ ತೊಗಲನ್ನು ರಜೆಯುದ್ದಕ್ಕೂ ಮುಟ್ಟದೆ ಬಿಡುವಷ್ಟು ವೈರಾಗ್ಯ ಇಲಿಗೆ ಇರಲಿಲ್ಲ.

ಹೆಡ್‌ಮಾಸ್ತರರು ಬಂದು ಬಗ್ಗಿ ನೋಡಿದರು. ಬಹಳ ಹೊತ್ತು ನೋಡಿದರು.

"ಸರ್ರ, ಒಂದ ಮಾತ ಗಮನಿಸಿದ್ರ್ಯಾ? ವಿಭೂತಿ ಇದ್ದ ಜಾಗಾಕ್ಕ ಬಾಯಿನ ಹಾಕಿಲ್ಲ."

"ಬೂದಿ ಯಾಕ ತಿಂತೈತ್ರಿ ಸರ ಇಲಿ?" ಎಂದೆ.

"ಅದನ್ನ ನಾನೂ ಹೇಳಾಕತ್ತೇನಿ," ಎಂದರು ಗಂಭೀರವಾಗಿ.

"ಹಂಗಾರ ಮುಂದಿನ ವರ್ಷ ತಪ್ಪದ ಪೂರಾ ಬಳದ ಬಿಡ್ರಿ ಸರ, ಸುಣ್ಣಾ ಬಳದಂಗ," ಎಂದು ಟೀಚರ್ ಹೇಳಿ, ಸೀಟಿ ಬಾಯಿಗಿಟ್ಟು ಹೊರಗೆ ಹೋದರು. ಆ ಸೀಟಿಯಲ್ಲಿ ಸಿಟ್ಟಿತ್ತು.

ಹೊಸದು ಯಾವುದು ಹಾಕಬೇಕು ಎಂಬ ಪ್ರಶ್ನೆ ಬಂತು. ಹೆಡ್‌ಮಾಸ್ತರರದು ಪ್ಲಾಸ್ಟಿಕ್ ಪಕ್ಷ. ಯಾವ ಪ್ರಾಣಿಯ ಪಾಪವೂ ಇಲ್ಲ, ಒರೆಸಿದರೆ ಸ್ವಚ್ಛ, ಇಲಿಗೆ ರುಚಿಯಿಲ್ಲ. ಟೀಚರದು ತೊಗಲಿನ ಪಕ್ಷ. ದೊಡ್ಡ ಡ್ರಮ್ಮಿನ ಪೆಟ್ಟು ಕಿವಿಗಿಂತ ಮೊದಲು ಹೊಟ್ಟೆಗೆ ತಾಗಬೇಕು, ಆಗಲೇ ಕಾಲು ತಾನಾಗಿ ಏಳುತ್ತದೆ ಎಂಬುದು ಅವರ ವಾದ. ನಾನು ಯಾವ ಪಕ್ಷಕ್ಕೂ ಸೇರದೆ ಒಂದು ದಾರ ತೆಗೆದುಕೊಂಡು ಡ್ರಮ್ಮಿನ ಬಾಯಿ ಅಳೆದೆ. ಉದ್ದಕ್ಕೆ ಒಂದು ಅಳತೆ ಬಂತು, ಅಡ್ಡಕ್ಕೆ ಇನ್ನೊಂದು. ತಪ್ಪಿರಬೇಕೆಂದು ಮತ್ತೆ ಅಳೆದೆ. ತಪ್ಪಿರಲಿಲ್ಲ. ವರ್ಷಗಟ್ಟಲೆ ಗೋಡೆಗೆ ಒರಗಿ ಕೂತು ನಮ್ಮ ಡ್ರಮ್ಮು ದುಂಡಗೆ ಉಳಿದಿರಲಿಲ್ಲ. ಒರಗಿ ಕೂತವರ ಆಕಾರ ಬದಲಾಗುವುದನ್ನು ಸ್ಟಾಫ್ ರೂಮಿನಲ್ಲೂ ಕಂಡಿದ್ದೆನಾದ್ದರಿಂದ ನಂಬಲು ಕಷ್ಟವಾಗಲಿಲ್ಲ. ಹುಬ್ಬಳ್ಳಿಯ ಅಂಗಡಿಯಲ್ಲಿ ಸಿಗುವ ಪ್ಲಾಸ್ಟಿಕ್ ಹಾಳೆ ದುಂಡನೆಯ ಬಳೆಗೆ ಕೂಡಿಸಿಯೇ ಬರುತ್ತದೆ. ವಕ್ರ ಬಾಯಿಗೆ ಅದು ಕೂಡುವುದಿಲ್ಲ. ಹಸಿ ತೊಗಲಾದರೆ ಬಾಯಿ ಹೇಗಿದೆಯೋ ಹಾಗೆ ಒಣಗುತ್ತದೆ. ಹೀಗೆ ತೊಗಲಿನ ಪಕ್ಷ ಗೆದ್ದಿತು.

ಶಲವಡಿಯ ಕಡೆ ಹಲಗೆ, ಡೊಳ್ಳುಗಳಿಗೆ ತೊಗಲು ಹಾಕುವ ಒಬ್ಬ ಕಾಕಾ ಇದ್ದ. ಒಂದು ರವಿವಾರ ಡ್ರಮ್ಮನ್ನು ಟಂಟಂ ಗಾಡಿಗೆ ಏರಿಸಿ ನಾನೂ ಟೀಚರೂ ಹೋದೆವು. ಕಾಕಾ ತನ್ನ ವಿಷಯದಲ್ಲಿ ಸಂಕೋಚದ ಮನುಷ್ಯನಲ್ಲ. ತಾನು ಕಟ್ಟಿದ ಡೊಳ್ಳು ಬಾರಿಸಿದರೆ ಗದಗಿನಲ್ಲಿ ಮಲಗಿದವರು ಎದ್ದು ಕೂಡುತ್ತಾರೆ ಎಂದು ಮೊದಲೇ ತಿಳಿಸಿದ. ಗದಗಿನವರು ಬಂದು ದೂರಲಿಲ್ಲವೇ ಎಂದು ಕೇಳಬೇಕೆನಿಸಿತು.

ತೊಗಲುಗಳನ್ನು ಹಾಸಿದ. ಟೀಚರ್ ಒಂದೊಂದನ್ನೇ ಎತ್ತಿ ಬೆಳಕಿಗೆ ಹಿಡಿದರು. ಬೆಳಕು ಎಲ್ಲ ಕಡೆ ಒಂದೇ ಸಮ ಬರುತ್ತದೆಯೋ, ಎಲ್ಲಾದರೂ ಹೆಚ್ಚು ಹೊಳೆಯುತ್ತದೆಯೋ ಎಂದು ನೋಡುತ್ತಿದ್ದರು. ಹೊಳೆದ ಕಡೆ ಸುಲಿಯುವಾಗ ಚೂರಿ ತಾಗಿದೆ ಎಂದು ಅರ್ಥ; ಮುಂದೆ ಅಲ್ಲೇ ಹರಿಯುತ್ತದೆ. ಇದನ್ನು ಎಲ್ಲಿ ಕಲಿತಿರೆಂದು ಕೇಳಿದರೆ, "ಸೀರಿ ಅಂಗಡ್ಯಾಗ್ರಿ," ಎಂದರು.

"ಏನ್ ಬಾಯಾರ, ಕನ್ಯಾ ನೋಡಿದಂಗ ನೋಡಾಕತ್ತೀರಲಾ!" ಎಂದ ಕಾಕಾ.

"ಕನ್ಯಾ ಆದ್ರ ಇಷ್ಟ ಹೊತ್ತ ನೋಡತಿರಲಿಲ್ರಿ ಕಾಕಾ. ಇದಕ್ಕ ಪೆಟ್ಟ ತಿನ್ನಾಕ ಬರಬೇಕಲಾ."

"ಅದಕ್ಕೂ ಬರಬೇಕು ಬಿಡ್ರಿ," ಎಂದ ಕಾಕಾನಿಗೆ ಟೀಚರ್ ಒಂದು ನೋಟ ಕೊಟ್ಟರು. ಆಮೇಲೆ ಅವನು ತೊಗಲಿನ ವಿಷಯ ಮಾತ್ರ ಮಾತಾಡಿದ.

ದೊಡ್ಡ ಡ್ರಮ್ಮಿಗೆ ಹೋತಿನ ತೊಗಲೇ ಆಗಬೇಕು, ಹೆಣ್ಣಾಡಿನದು ತೆಳು ಎಂದು ಅವನು ಸಾಧಿಸಿದ. ಟೀಚರ್ ಎರಡನ್ನೂ ಬೆರಳಿನಿಂದ ಚಿಮ್ಮಿ ನೋಡಿ, ಅವನು ಹೋತಿನದೆಂದು ಕೊಡುತ್ತಿದ್ದದ್ದೇ ತೆಳ್ಳಗಿದೆ ಎಂದರು. ಕಾಕಾ ತಾನೂ ಚಿಮ್ಮಿ ನೋಡಿ, ಆ ಹೋತಿಗೆ ಮೇವು ಸಾಲದೆ ಹಾಗಾಗಿದೆ ಎಂದು ತೀರ್ಪು ಕೊಟ್ಟ. ಕಡೆಗೆ ಒಪ್ಪಿದ್ದು ಮೂರನೆಯದು. ಅದು ಗಂಡೋ ಹೆಣ್ಣೋ ಎಂಬ ಮಾತು ಯಾರೂ ಎತ್ತಲಿಲ್ಲ. ನೆನೆಸಿದ ತೊಗಲನ್ನು ಬೆನ್ನಿನ ಗೆರೆ ಸರಿಯಾಗಿ ನಡುವೆ ಬರುವಂತೆ ಹಾಸಿ, ಅಂಚನ್ನು ಬಳೆಗೆ ಸುತ್ತಿ ಒಳಗೆ ಮಡಚಿ, ನೆರಳಲ್ಲಿ ಒಣಗಲು ಬಿಟ್ಟ. ಮುಂದಿನ ರವಿವಾರ ಹೋದಾಗ ಹಗ್ಗ ಬಿಗಿದು ಕೊಟ್ಟ. ಹಗ್ಗದ ಮೇಲೆ ಅಲ್ಲಲ್ಲಿ ತೊಗಲಿನ ಉಂಗುರಗಳು. ಅವನ್ನು ಒಂದು ಕಡೆ ಸರಿಸಿದರೆ ಬಿಗಿ, ಇನ್ನೊಂದು ಕಡೆ ಸರಿಸಿದರೆ ಸಡಿಲು. ಡ್ರಮ್ಮಿನ ಮೈಮೇಲೆ ಇದ್ದಿಲಿನಿಂದ ಒಂದು ಗೆರೆ ಎಳೆದು, ಉಂಗುರ ತೋರಿಸಿ ಹೇಳಿದ:

"ಈ ಗೆರಿ ದಾಟಿ ಎಳೀಬ್ಯಾಡ್ರಿ. ತೊಗಲೇನ ತಡೀತೈತಿ, ನಿಮ್ಮ ಡ್ರಮ್ಮಿಗೆ ಮುಪ್ಪಾಗೇತಿ. ಬಳಿ ಲಟಕ್ ಅಂತೈತಿ."

ಅಂದಿನಿಂದ ಡ್ರಮ್ಮು ಭೂಪಟಗಳ ಕೋಣೆ ಬಿಟ್ಟು ಸ್ಟಾಫ್ ರೂಮಿನ ಕೊಂಡಿಗೆ ನೇತಾಡಿತು. ಮೈಗೆ ಹಳೆಯ ಚಾದರ ಸುತ್ತಿದ್ದೆವು. ಬಾರಿಸಿದ ಮೇಲೆ ಉಂಗುರ ಸರಿಸಿ ಸಡಿಲು ಬಿಡುವುದು, ಒಣ ಬಟ್ಟೆಯಿಂದ ಒರೆಸುವುದು ನನ್ನ ಪಾಲಿಗೆ ಬಂತು. ಹೆಡ್‌ಮಾಸ್ತರರು ಅದರ ಮುಂದೆ ಹಾಯುವಾಗ ದೂರದಿಂದಲೇ ಕೈ ಮುಗಿಯುತ್ತಿದ್ದರು, ಕೈಯಲ್ಲಿ ಏನೂ ಇಲ್ಲ ಎಂದು ನಮಗೆ ಕಾಣುವ ಹಾಗೆ.

ನನಗೋ ಅದು ಒಂದು ವ್ಯಸನವಾಯಿತು. ಬೆಳಿಗ್ಗೆ ಬಂದ ಕೂಡಲೇ ಬೆರಳಿನಿಂದ ಒಮ್ಮೆ ತಟ್ಟಿ ನೋಡುತ್ತಿದ್ದೆ. ಮುಂಜಾನೆ ಅದರ ದನಿ ಶೀತವಾದವರ ದನಿಯಂತೆ ಕೆಳಗೆ. ಮಧ್ಯಾಹ್ನ ಬಿಸಿಲೇರಿದಾಗ ತಾನಾಗಿ ಮೇಲೆ. ಮೋಡವಾದರೆ ಮತ್ತೆ ಕೆಳಗೆ. ಆಡು ಸತ್ತು ಎಷ್ಟು ಕಾಲವಾದರೂ ಅದರ ತೊಗಲು ಮಾತ್ರ ಹವಾಮಾನದ ಬಗ್ಗೆ ಅಭಿಪ್ರಾಯ ಕೊಡುವುದನ್ನು ನಿಲ್ಲಿಸಿರಲಿಲ್ಲ. ಭೂಗೋಳದ ಪಾಠದಲ್ಲಿ ನಾನು ಇಷ್ಟು ವರ್ಷ ಹೇಳಿದ್ದ ಆರ್ದ್ರತೆ ಎಂಬ ಪದವನ್ನು ಮುಟ್ಟಿ ನೋಡಿದ್ದು ಅದೇ ಮೊದಲು.

ತಾಲೀಮಿನ ದಿನ ಬಂತು. ಸಂಕ್ರಾಂತಿ ಕಳೆದಿತ್ತು. ಬೆಳಿಗ್ಗೆ ಕಪ್ಪು ಎರಿ ಹೊಲಗಳ ಮೇಲೆ ಎಂಥ ಮಂಜು ಎಂದರೆ ಬಸ್ಸು ಮೊದಲು ಕೇಳಿಸಿ ಆಮೇಲೆ ಕಂಡಿತು. ದೊಡ್ಡ ಡ್ರಮ್ಮು ಹೊರುವವಳು ಒಂಬತ್ತನೆಯ ಇಯತ್ತೆಯ ಎತ್ತರದ ಹುಡುಗಿ. ಅವಳು ನಿಲ್ದಾಣದಲ್ಲಿ ಒಂದು ಪೆಟ್ಟು ಹಾಕಿ ನೋಡಿದಳು. "ಧಪ್" ಅಂದಿತು, ಎತ್ತಿನ ಚಕ್ಕಡಿಯಿಂದ ಚೀಲ ಬಿದ್ದ ಹಾಗೆ. ಟೀಚರ್ ಉಂಗುರಗಳನ್ನು ಇದ್ದಿಲಿನ ಗೆರೆಯವರೆಗೂ ಸರಿಸಿದರು. ಮತ್ತೆ "ಧಪ್". ಜೋಳದ ಒಣ ಕಣಕಿ ಉರಿಸಿ ಕಾಯಿಸೋಣವೆಂದರೆ ಕಂಡಕ್ಟರ್ ಸೀಟಿ ಊದುತ್ತಿದ್ದ.

ಬಸ್ಸು ಹತ್ತಿದ ಟೀಚರ್ ಸೀದಾ ಮುಂದೆ ಹೋಗಿ, ಡ್ರೈವರನ ಬಾಜುವಿನ ಇಂಜಿನ್ನಿನ ಮುಚ್ಚಳದ ಮೇಲೆ ಟವೆಲ್ ಹಾಸಿ, ಹೊಸ ತೊಗಲು ಕೆಳಗಾಗುವಂತೆ ಡ್ರಮ್ಮನ್ನು ಮಲಗಿಸಿದರು.

"ಏ ಬಾಯಾರ, ಇದೇನ್ ಬಸ್ಸೋ ಒಲಿಯೋ?" ಎಂದ ಡ್ರೈವರ್.

"ನಿಮ್ಮ ಬಸ್ ಓಡೂದಕ್ಕಿಂತ ಚೊಲೋ ಕಾಯತೈತಿ ಅಂತ ಊರೆಲ್ಲಾ ಹೇಳತಾರ್ರಿ."

ಡ್ರೈವರ್ ಇದನ್ನು ಪ್ರಶಂಸೆಯೆಂದೇ ತೆಗೆದುಕೊಂಡ. "ಚಡಾವು ಏರೂ ಮುಂದ ಇನ್ನೂ ಕಾಯಸ್ತೇನಿ," ಎಂದ.

ದಾರಿಯುದ್ದಕ್ಕೂ ನಾನು ಒಂದು ಕೈಯನ್ನು ಡ್ರಮ್ಮಿನ ಕೆಳಗೆ ತೂರಿಸಿ ಕೂತಿದ್ದೆ. ಹೆಚ್ಚು ಕಾದರೆ ಹರಿಯುತ್ತದೆ, ಕಡಿಮೆಯಾದರೆ ಕುಂದಗೋಳದಲ್ಲಿ ಚೀಲ ಬೀಳುತ್ತದೆ. ಆಗಾಗ ಎತ್ತಿ ತಟ್ಟಿದಾಗ ಬಸ್ಸಿನ ಜನರೆಲ್ಲ ಕಿವಿಗೊಟ್ಟು ತಮ್ಮ ತಮ್ಮ ತೀರ್ಪು ಕೊಟ್ಟರು. "ಇನ್ನೊಂದೀಟ ಆಗಲಿ." "ಸಾಕ್ರಿ ಸಾಕು, ಎತ್ರಿ." ರೊಟ್ಟಿಯ ವಿಷಯದಲ್ಲೂ ಅಷ್ಟು ಒಮ್ಮತ ನಾನು ಕಂಡಿಲ್ಲ. ಇಳಿಯುವಾಗ ದನಿ ಅಗದಿ ಬರೋಬರ್ ಇತ್ತು.

ಆದರೆ ಸುಬೇದಾರರು ತಡವಾಗಿ ಬಂದರು. ಅಷ್ಟರಲ್ಲಿ ಮಂಜು ಹೋಗಿ ಬಿಸಿಲು ಬಿದ್ದಿತ್ತು. ಕುಂದಗೋಳ ಪಟ್ಟಣದ ಶಾಲೆಯವರು ಮೊದಲು ಬಾರಿಸಿ, ಒಂದೂ ತಪ್ಪಿಲ್ಲದೆ ಮೈದಾನ ಸುತ್ತಿ ಬಂದರು. ನಮ್ಮ ಸರದಿ ಬಂದು, ಹುಡುಗಿಯರು ಹೊರಟು, ದೊಡ್ಡ ಡ್ರಮ್ಮಿಗೆ ಮೊದಲ ಪೆಟ್ಟು ಬಿತ್ತು. "ಠಣ್!" ಕಾದು, ಬಿಸಿಲು ಕುಡಿದು, ಗೆರೆಯವರೆಗೂ ಬಿಗಿದಿದ್ದ ತೊಗಲು ಹಿತ್ತಾಳೆಯ ಕೊಡದಂತೆ ಕೂಗಿತು.

"ದೊಡ್ಡ ಡ್ರಮ್ ಮನ್ಯಾಗ ಬಿಟ್ಟ ಬಂದೀರೇನ್ರಿ?" ಎಂದರು ಸುಬೇದಾರರು.

"ಸರ, ಒಂದ ನಿಮಿಷ ಕೊಡ್ರಿ, ಹುಡುಗ್ಯಾರನ್ನ ನಿಲ್ಲಸ್ತೇನಿ," ಎಂದರು ಟೀಚರ್.

"ಹೊಂಟ ದಂಡು ನಿಲ್ಲೂದಿಲ್ರಿ. ನಡೀಲಿ."

ಟೀಚರ್ ಓಡಿದರು. ಡ್ರಮ್ಮು ಹೊತ್ತ ಹುಡುಗಿಯ ಎದುರಿಗೆ ಹೋಗಿ, ಅವಳಿಗೆ ಮುಖ ಮಾಡಿ, ಹಿಂದೆ ಹಿಂದೆ ಹೆಜ್ಜೆ ಹಾಕುತ್ತ, ಎರಡೂ ಕೈಯಿಂದ ಉಂಗುರಗಳನ್ನು ಒಂದೊಂದಾಗಿ ಸಡಿಲಿನ ಕಡೆಗೆ ಸರಿಸತೊಡಗಿದರು. "ನನ್ನ ನೋಡಬ್ಯಾಡ ಲೇ, ಮುಂದ ನೋಡು, ಬಾರಸು!" ಎಂಬ ಕೂಗು ನನ್ನವರೆಗೂ ಕೇಳಿತು. ಹುಡುಗಿ ಅವರ ತಲೆಯ ಮೇಲಿಂದ ಮುಂದೆ ನೋಡುತ್ತ ಬಾರಿಸಿದಳು. ಹಿಂದಿನವರು ಒಬ್ಬರೂ ಹೆಜ್ಜೆ ತಪ್ಪಲಿಲ್ಲ. ಠಣ್ ಎನ್ನುತ್ತಿದ್ದದ್ದು ಟಂ ಆಯಿತು. ಮೈದಾನದ ಮೂಲೆ ತಿರುಗುವಾಗ ಇನ್ನೂ ಇಳಿಯಿತು. ನೀರಿನ ಟ್ಯಾಂಕರ್ ನಿಂತಿದ್ದ ಕಡೆ ಬಂದಾಗ "ಧಂ" ಎಂದಿತು, ಮತ್ತೆ "ಧಂ", ಆಮೇಲೆ ಅದೇ. ನನ್ನ ಹೊಟ್ಟೆಗೆ ತಾಗಿತು. ಟೀಚರ್ ಕೈ ಬಿಟ್ಟು ಬದಿಗೆ ಸರಿದು ನಿಂತರು. ಸಾಲು ಅವರನ್ನು ದಾಟಿ ಹೋಯಿತು.

ಸುಬೇದಾರರು ತಾಂಬೂಲ ಅಗಿಯುವುದನ್ನು ನಿಲ್ಲಿಸಿದ್ದರು. ಕೇಳಿ ಮುಗಿದ ಮೇಲೆ ಮತ್ತೆ ಅಗಿಯತೊಡಗಿದರು. "ಆ ಪಟ್ಟಣದವರದು ಸ್ವಚ್ಛ ಐತಿ," ಎಂದರು. "ಆದ್ರ ಇದಕ್ಕ ನನ್ನ ಕಾಲ ಎದ್ದಾವು."

ಜನವರಿ ಇಪ್ಪತ್ತಾರರಂದು ಮೈದಾನದಲ್ಲಿ ನಮ್ಮ ಶಾಲೆ ಮೊದಲು ನಡೆಯಿತು. ಪಟ್ಟಣದ ಶಾಲೆ ಎರಡನೆಯದು.